ಎತ್ತರದ ಹ್ಯಾಂಡಲ್‌ಗೆ ಹೊಸಾ ಬ್ರೇಕ್ ಸೆಟ್: ಲಿವರ್ ಕಲ್ಲಿನಂಗ ಗಟ್ಟಿ, ಗಾಡಿ ಮಾತ್ರ ನಿಂದರವಲ್ತು

ಬಲಗೇರ್ ಬುಲೆಟ್ (ಶಹಾಪುರ, ಬೆಳಗಾವಿ)
ಭಾನುವಾರ, ರಾತ್ರಿ 9.50

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ ನಮ್ಮ ಸೋದರಮಾವಂದು. ಹಳೇ 350 ಬುಲೆಟ್, ಗೇರ್ ಬಲಕ್ಕ, ಹಿಂದಿನ ಬ್ರೇಕ್ ಎಡಕ್ಕ. ಮುಂದ ಮೊದಲ ಡ್ರಮ್ ಇತ್ತು. ಮಾವ ಇದ್ದಾಗನ ಯಾರೋ ಮೇಸ್ತ್ರಿ ಬ್ಯಾರೆ ಗಾಡೀದು ಫೋರ್ಕ್, ಡಿಸ್ಕ್, ಕ್ಯಾಲಿಪರ್ (ಪ್ಯಾಡ್ ಒತ್ತಿ ಡಿಸ್ಕ್ ಹಿಡಿಯೂ ಭಾಗ) ತಂದು ಕೂರಿಸಿದ್ದ. ಆ ಬ್ರೇಕ್ ಹತ್ತು ವರ್ಷ ಒಂದ ತಕರಾರ್ ಮಾಡಿಲ್ಲ.

ದೀಪಾವಳಿಗೆ ನಾನು ಹ್ಯಾಂಡಲ್ ಬದಲಿಸಿದೆ. ಕೈ ಭುಜದ ಮಟ್ಟಕ್ಕ ಬರೂವಂಥ ಎತ್ತರದ್ದು, ಒಂದಿಂಚ್ ದಪ್ಪ ಪೈಪು. ಹಳೇ ಬ್ರೇಕ್ ಹಿಡಿಕಿ ಆ ದಪ್ಪಕ್ಕ ಕೂಡ್ಲಿಲ್ಲ. ಅದಕ್ಕ ಒಂದಿಂಚಿನ ಹ್ಯಾಂಡಲ್‌ಗಂತನ ಬರೂ ಬ್ರೇಕ್ ಸೆಟ್ ಆನ್‌ಲೈನ್‌ದಾಗ ತರಿಸಿದೆ. ಕರೀ ಬಣ್ಣ, ಆಯಿಲ್ ಡಬ್ಬಿ ಅದಕ್ಕ ಅಂಟಿಕೊಂಡ ಐತಿ, ನೋಡಾಕ ಅಗದೀ ಛಲೋ. ಲಿವರ್ ಹಿಡಿದ್ರ ಕಲ್ಲು. ಕೂರಿಸಿದ ಹುಡುಗ "ನೋಡ್ರಿ ಅಣ್ಣಾರ, ಎಷ್ಟ್ ಪವರ್ ಐತಿ" ಅಂದ. ನಾನೂ ನಂಬಿದೆ.

ಶನಿವಾರ ಬಾಗಲಕೋಟಿಗಿ ಹೊಂಟಿದ್ದೆ. ಯರಗಟ್ಟಿ ದಾಟಿದ ಮ್ಯಾಲ ಮುಂದ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್, ಹಿಂದ ಒಂದ ದೀಪ ಇಲ್ಲ. ಹೊತ್ತು ಮುಳಗಿತ್ತು. ನಾಕೂ ಬಟ್ಟು ಹಾಕಿ ಲಿವರ್ ಹಿಡಿದೆ. ಗಾಡಿ ನಿಂದರ್ಲೋ ಬ್ಯಾಡೋ ಅಂತ ವಿಚಾರ ಮಾಡ್ಕೋತ ಹೋತು. ಎಡಗಾಲಿನ ಬ್ರೇಕ್ ತುಳದು ರಸ್ತಾದ ಬದೀ ಮಣ್ಣಿಗಿ ಇಳಿಸಿ ಉಳಕೊಂಡೆ. ಕಬ್ಬಿನ ಗರಿ ಹೆಲ್ಮೆಟ್ ಗ್ಲಾಸಿಗಿ ಪರಾ ಅಂತ ತೀಡಿ ಹೋತು.

ಅಲ್ಲಿಗೇ ಮುಗೀಲಿಲ್ಲ. ಲೋಕಾಪುರದಾಗ ಚಾ ಕುಡ್ಯಾಕ ನಿಂತೆ. ಕುಡದು ಬಂದು ಗಾಡಿ ದಬ್ಬಿದ್ರ ಮುಂದಿನ ಗಾಲಿ ತಿರಗವಲ್ತು. ಡಿಸ್ಕಿನ ಮ್ಯಾಲ ಒಂದ್ ಬೊಗಸಿ ನೀರು ಹಾಕಿದ್ರ ಚುಂಯ್ ಅಂತು. ಹಿಡಿ ಅಂದಾಗ ಹಿಡಿಯಂಗಿಲ್ಲ, ಬಿಡು ಅಂದಾಗ ಬಿಡಂಗಿಲ್ಲ. ಏನಿದ್ದೀತು?

ಗೋಳಗುಮ್ಮಟ 28 (ವಿಜಯಪುರ)
ಭಾನುವಾರ, ರಾತ್ರಿ 10.05

ಏರ್ ಹೊಕ್ಕದ. ಬ್ಲೀಡಿಂಗ್ ಮಾಡ್ಸು, ಅಂದ್ರ ಏರ್ ತೆಗಸು, ಸರಿ ಆಗ್ತದ.

ಖಾನಾಪುರ ಹಳೇಗಾಡಿ
ಭಾನುವಾರ, ರಾತ್ರಿ 10.40

ವಿಜಾಪುರದ ತಮ್ಮಾ, ಅವಸರ ಮಾಡಬ್ಯಾಡ. ಏರ್ ಹೊಕ್ಕಿದ್ರ ಲಿವರ್ ಸ್ಪಂಜಿನಂಗ ಮೆತ್ತಗ ಆಕ್ಕೈತಿ, ಹ್ಯಾಂಡಲ್ ಮುಟ್ಟೂತನಕ ಬರ್ತೈತಿ. ಗಾಳಿ ಒತ್ತಿದ್ರ ಕುಗ್ಗತೈತಿ, ಆಯಿಲ್ ಕುಗ್ಗಂಗಿಲ್ಲ. ಇಂವ ಕಲ್ಲು ಅಂತಾನ. ಅಂದ್ರ ಗಾಳಿದಲ್ಲ ಇದು, ಬ್ಯಾರೇನೋ ಐತಿ.

ಬುಲೆಟ್ಟಿನ ತಮ್ಮಾ, ಮೊದಲ ಒಂದ ಮಾತು. ಕಾದ ಡಿಸ್ಕಿಗಿ ತಣ್ಣೀರು ಹಾಕಬ್ಯಾಡೋ. ಡೊಂಕಾದ್ರ ಆಮ್ಯಾಲ ಲಿವರ್ ಕೈಯಾಗ ಕುಣೀತೈತಿ. ಸುಮ್ಮ ನಿಲ್ಲಿಸಿ ಇನ್ನೊಂದ್ ಚಾ ಕುಡೀಬೇಕಿತ್ತು.

ಈಗ ನಾಕು ವಿಷಯ ಹೇಳು. ಹೊಸಾ ಸೆಟ್ಟಿನ ಮೈಮ್ಯಾಲ, ಅಡೀ ಬದಿ, ಎರಕದಾಗ ಒಂದು ನಂಬರ್ ಮೂಡಿರ್ತೈತಿ. ಏನೈತಿ? ಹಳೇದರ ಮ್ಯಾಲ ಏನಿತ್ತು? ಲಿವರ್ ತುದೀ ಹಿಡದು ಅಲ್ಲಾಡಿಸಿದ್ರ ಪ್ಲೇ (ಲಟಪಟ) ಐತೋ ಇಲ್ಲೋ? ಹ್ಯಾಂಡಲ್ ಪೂರಾ ಎಡಕ್ಕ ತಿರಗಿಸಿದಾಗ ಹೋಸ್ (ಆಯಿಲ್ ಹೋಗೂ ಪೈಪು) ಹೆಂಗ ಕಾಣ್ತೈತಿ?

ಬಲಗೇರ್ ಬುಲೆಟ್
ಸೋಮವಾರ, ಬೆಳಗ್ಗೆ 7.15

ಕಾಕಾ, ಟಾರ್ಚ್ ಹಿಡದು ನೋಡಿದೆ. ಹೊಸಾದ್ರ ಮ್ಯಾಲ 5/8 ಅಂತೈತಿ. ಹಳೇದು ಡಬ್ಬ್ಯಾಗ ಇಟ್ಟಿದ್ದೆ, ಅದರ ಮ್ಯಾಲ 1/2.

ಪ್ಲೇ ಒಟ್ಟ ಇಲ್ಲ. ಲಿವರ್ ಬುಡಕ್ಕ, ಪಿಸ್ಟನ್ ಒತ್ತೂ ಜಾಗಾದಾಗ, ಒಂದು ಸಣ್ಣ ಸ್ಕ್ರೂ ಐತಿ. ಲಟಪಟ ಅನ್ನೂದು ನನಗ ಸೇರಂಗಿಲ್ಲಂತ ಆ ಹುಡುಗನ ಕಡಿಂದ ಅದನ್ನ ಬಿಗಿ ಮಾಡಿಸೇನಿ.

ಹೋಸ್ ಹಳೇದ. ನಡಬರಕ ಇದ್ದಾಗ ಸಾಲ್ತೈತಿ. ಎಡಕ್ಕ ಪೂರಾ ತಿರಗಿಸಿದ್ರ ತಂತಿ ಎಳದಂಗ ಆಗಿ ಕ್ಯಾಲಿಪರ್ ಹತ್ರ ಬಾಗತೈತಿ.

ಖಾನಾಪುರ ಹಳೇಗಾಡಿ
ಸೋಮವಾರ, ಬೆಳಗ್ಗೆ 7.40

ಮೂರೂ ತಪ್ಪು ಒಂದ ಗಾಡ್ಯಾಗ ಕೂಡಿಸಿಯಲ್ಲೋ. ಗಾಡಿ ಹೊರಗ ತೆಗೀಬ್ಯಾಡ. ಲೆಕ್ಕ ಹೇಳಾಕ ನಮ್ಮ ಉದ್ಯಮಬಾಗದಾಂವ ಬರ್ಲಿ.

ಉದ್ಯಮಬಾಗ ಲೇತ್ (ಬೆಳಗಾವಿ)
ಸೋಮವಾರ, ಮಧ್ಯಾಹ್ನ 1.30

ಕಾಕಾ ಕರದ್ರಲ್ಲ, ಊಟದ ಸುಟ್ಟ್ಯಾಗ ಬರ್ಯಾಕತ್ತೇನಿ.

ನಾನು ಹಗಲೆಲ್ಲಾ ಮಾಡೂದು ಹೈಡ್ರಾಲಿಕ್ ಸಿಲಿಂಡರ್. ಲಾರಿ ಎತ್ತೂ ಜಾಕ್ ನೋಡೀರಿ. ಹದಿನಾರು ವರ್ಷದ ಹುಡುಗ ಹ್ಯಾಂಡಲ್ ಒತ್ತಿ ತುಂಬಿದ ಲಾರಿ ಎತ್ತತಾನ. ಒತ್ತೂ ಪಿಸ್ಟನ್ ಕಿರಿಬಟ್ಟಿನಷ್ಟು, ಎತ್ತೂ ಪಿಸ್ಟನ್ ತೆಂಗಿನಕಾಯಿಯಷ್ಟು. ಕೈಗಿ ಹಗುರ ಆಗೂದು ಒತ್ತೂ ಪಿಸ್ಟನ್ ಸಣ್ಣದಿದ್ದಾಗ. ಬ್ರೇಕೂ ಅದ ಜಾಕು. ಲಿವರ್ ಕಡೆ ಸಣ್ಣ ಪಿಸ್ಟನ್, ಕ್ಯಾಲಿಪರ್ ಕಡೆ ದೊಡ್ಡ ಪಿಸ್ಟನ್.

ಸೆಟ್ಟಿನ ಮ್ಯಾಲಿನ ನಂಬರ್ ಅಂದ್ರ ಲಿವರ್ ಕಡೆ ಪಿಸ್ಟನ್ನಿನ ದಪ್ಪ, ಇಂಚಿನ್ಯಾಗ. 1/2 ಇಂಚ್ ಅಂದ್ರ 12.7 ಮಿ.ಮೀ. ಅದರ ಮುಖದ ಕ್ಷೇತ್ರಫಲ ಸುಮಾರು 127 ಚದರ ಮಿ.ಮೀ. 5/8 ಅಂದ್ರ 15.9 ಮಿ.ಮೀ., ಕ್ಷೇತ್ರಫಲ ಸುಮಾರು 198. ಸ್ಕೇಲ್ ಹಿಡದು ನೋಡಿದ್ರ ಬರೇ ಮೂರು ಮಿ.ಮೀ. ಫರಕು. ಕ್ಷೇತ್ರಫಲ ನೋಡಿದ್ರ ಒಂದೂವರಿಗಿಂತ ಜಾಸ್ತಿ. ಅಷ್ಟ ಜೋರ್ ಹಾಕಿ ಲಿವರ್ ಹಿಡಿದ್ರ ಹೋಸಿನಾಗ ಮೊದಲ 100 ಒತ್ತಡ ಹುಟ್ಟತಿತ್ತು ಅಂತ ತಿಳಕೋರಿ, ಈಗ 64 ಹುಟ್ಟತೈತಿ. ಉಳದ 36 ನಿಮ್ಮ ಬಟ್ಟಿನಿಂದ ಬರ್ಬೇಕು. ಕಬ್ಬಿನ ಟ್ರ್ಯಾಕ್ಟರ್ ಹಿಂದ ಅಷ್ಟು ಹೊತ್ತು ಎಲ್ಲಿ ಸಿಗತೈತಿ?

ಮತ್ತ ಗಟ್ಟಿ ಯಾಕ ಅನಸ್ತೈತಿ ಅಂದ್ರ, ದೊಡ್ಡ ಪಿಸ್ಟನ್ ಒಂದ ಮಿ.ಮೀ. ಸರದ್ರೂ ಆಯಿಲ್ ಜಾಸ್ತಿ ದಬ್ಬತೈತಿ. ಲಿವರ್ ಜರಾ ಹಿಡಿಯೂದ್ರಾಗ ಪ್ಯಾಡು ಡಿಸ್ಕಿಗಿ ಹತ್ತಿ ಬಿಡ್ತೈತಿ. ಆಮ್ಯಾಲ ನೀವು ದಬ್ಬೂದೆಲ್ಲಾ ಕೈಗಿ ಕಲ್ಲಾಗಿ ತಾಕ್ತೈತಿ. ಗ್ವಾಡಿ ದಬ್ಬಿದ್ರೂ ಗಟ್ಟಿನ ಇರ್ತೈತಿ ಅಲ್ಲ? ಗ್ವಾಡಿ ಸರದೇತೇನು?

ನಿಮ್ಮ ಕ್ಯಾಲಿಪರ್ ಪಿಸ್ಟನ್ ಎಷ್ಟವ, ಎಷ್ಟು ದಪ್ಪ? ವರ್ನಿಯರ್ ಇದ್ರ ಅಳದು ಹೇಳ್ರಿ.

ಮುಧೋಳ ಬೇಟೆನಾಯಿ
ಸೋಮವಾರ, ಮಧ್ಯಾಹ್ನ 2.10

ಲೆಕ್ಕ ಛಲೋ ಐತಿ ಅಣ್ಣಾ, ಆದ್ರ ಒಪ್ಪಾಕ ಬರಂಗಿಲ್ಲ. ನಮ್ಮ ಗೆಳೆಯಂದು 5/8 ಐತಿ, ಎರಡ ಬಟ್ಟಿಗಿ ಗಾಡಿ ನಿಂದರ್ತೈತಿ. ದೊಡ್ಡದು ಹಾಕಿದ್ರ ಬ್ರೇಕ್ ಹೋಗೂದಾದ್ರ ಕಂಪನಿಯವ್ರು 5/8 ಯಾಕ ಮಾಡ್ತಾರ?

ಉದ್ಯಮಬಾಗ ಲೇತ್
ಸೋಮವಾರ, ಸಂಜೆ 6.20

ನಿಮ್ಮ ಗೆಳೆಯನ ಗಾಡಿಗಿ ಮುಂದ ಡಿಸ್ಕ್ ಎಷ್ಟವ?

ಮುಧೋಳ ಬೇಟೆನಾಯಿ
ಸೋಮವಾರ, ಸಂಜೆ 6.45

ಎರಡು. 🙂 ತಿಳೀತು. ಎರಡು ಕ್ಯಾಲಿಪರ್‌ಗೆ ಆಯಿಲ್ ಜಾಸ್ತಿ ಬೇಕು, ಅದಕ್ಕ ದೊಡ್ಡದು. ಸೋತೆ.

ಗೋಳಗುಮ್ಮಟ 28
ಸೋಮವಾರ, ರಾತ್ರಿ 8.00

ಹಂಗಿದ್ರ ಇನ್ನೂ ಸಣ್ಣದು ಹಾಕಿದ್ರ ಇನ್ನೂ ಛಲೋ ಅಲ್ಲೇನ್ರಿ? 10 ಮಿ.ಮೀ. ಹಾಕಿ ಬಿಡಲಿ.

ಉದ್ಯಮಬಾಗ ಲೇತ್
ಸೋಮವಾರ, ರಾತ್ರಿ 8.25

ಹಾಕ್ರಿ. ಆಯಿಲ್ ಸಾಲದ ಲಿವರ್ ಹೋಗಿ ಹ್ಯಾಂಡಲ್‌ಗೆ ಬಡೀತೈತಿ, ಪ್ಯಾಡು ಇನ್ನೂ ಡಿಸ್ಕಿಗಿ ಹತ್ತಿರಂಗಿಲ್ಲ. ಹೋಸ್ ಕಾದ ಮ್ಯಾಲ ಇನ್ನೂ ಕಷ್ಟ. ಗಾಡಿ ಮೊದಲ ಯಾವದರ ಮ್ಯಾಲ ಛಲೋ ನಿಂದರತಿತ್ತೋ ಅದ ಅಳತಿ ಇಟ್ಕೊಂಡು ಹಿಡಿಕಿ ಅಷ್ಟ ಬದಲಿಸಬೇಕು. ಒಂದಿಂಚಿನ ಹ್ಯಾಂಡಲ್‌ಗೆ ಕೂಡೂ ಹಿಡಿಕ್ಯಾಗ 1/2 ಬೋರೂ (ಪಿಸ್ಟನ್ ಓಡಾಡೂ ತೂತಿನ ಅಳತಿ) ಸಿಗತಾವ, ಹುಡುಕಬೇಕಷ್ಟ. ಅಂಗಡಿಯವ್ರು ಹ್ಯಾಂಡಲ್ ದಪ್ಪ ಅಷ್ಟ ಕೇಳ್ತಾರ, ಬೋರ್ ನಾವ ಕೇಳ್ಬೇಕು.

ನವನಗರ ಅಕ್ಕ (ಬಾಗಲಕೋಟೆ)
ಸೋಮವಾರ, ರಾತ್ರಿ 9.15

ಎಲ್ಲರೂ ಬೋರ್ ಹಿಂದೆ ಬಿದ್ದಿದ್ದೀರಿ. ನನಗೆ ಹೆದರಿಕೆ ಬಂದದ್ದು ಲೋಕಾಪುರದ ಮಾತಿಗೆ. ಬ್ರೇಕ್ ಕಡಿಮೆ ಇದ್ದರೆ ಸವಾರನಿಗೆ ಗೊತ್ತಾಗುತ್ತದೆ, ಅಂತರ ಇಟ್ಟುಕೊಂಡು ಹೋಗುತ್ತಾನೆ. ಹೋಗ್ತಾ ಹೋಗ್ತಾ ಮುಂದಿನ ಗಾಲಿ ತಾನೇ ಹಿಡಿದುಕೊಂಡರೆ ಏನು ಮಾಡುತ್ತಾನೆ?

ಮಾಸ್ಟರ್ ಸಿಲಿಂಡರಿನ (ಲಿವರ್ ಕಡೆಯ ಪಿಸ್ಟನ್ ಇರುವ ಭಾಗ) ಡಬ್ಬಿಯ ಮುಚ್ಚಳ ತೆಗೆದು ತಳ ನೋಡಿ. ಎರಡು ತೂತು ಇರ್ತವೆ. ಒಂದು ಕಣ್ಣಿಗೆ ಕಾಣುವಷ್ಟು ದೊಡ್ಡದು, ಇನ್ನೊಂದು ಸೂಜಿಯಿಂದ ಚುಚ್ಚಿದಂತೆ ಸಣ್ಣದು. ಆ ಸಣ್ಣ ತೂತೇ ಇಲ್ಲಿ ಮುಖ್ಯ. ಲಿವರ್ ಬಿಟ್ಟಾಗ ಪಿಸ್ಟನ್ ಹಿಂದೆ ಸರಿದು ಆ ತೂತು ತೆರೆಯುತ್ತದೆ. ಬ್ರೇಕ್ ಹಿಡಿದು ಹಿಡಿದು ಕಾದ ಆಯಿಲ್ ಹಿಗ್ಗಿದಾಗ ಹೆಚ್ಚಾದದ್ದು ಅಲ್ಲಿಂದ ಡಬ್ಬಿಗೆ ವಾಪಸ್ ಬರ್ತದೆ. ಪ್ಲೇ ಬೇಡ ಅಂತ ಆ ಸ್ಕ್ರೂ ಬಿಗಿ ಮಾಡಿದಿರಲ್ಲ, ಅದು ಲಿವರ್ ಬಿಟ್ಟಾಗಲೂ ಪಿಸ್ಟನ್ನನ್ನು ಒಂದು ಕೂದಲೆಳೆಯಷ್ಟು ಒಳಗೇ ಒತ್ತಿ ಹಿಡಿದಿದೆ. ತೂತು ಮುಚ್ಚಿದೆ. ಹಿಗ್ಗಿದ ಆಯಿಲ್‌ಗೆ ಹೋಗಲು ದಾರಿ ಇಲ್ಲ, ಕ್ಯಾಲಿಪರ್ ಕಡೆಗೇ ನುಗ್ಗುತ್ತದೆ, ಪ್ಯಾಡ್ ಡಿಸ್ಕಿಗೆ ಉಜ್ಜುತ್ತದೆ, ಇನ್ನೂ ಕಾಯುತ್ತದೆ, ಇನ್ನೂ ಹಿಗ್ಗುತ್ತದೆ. ಚಾ ಅಂಗಡಿಯ ಮುಂದೆ ನಿಂತಾಗ ಹಿಡಿದದ್ದು ನಿಮ್ಮ ಪುಣ್ಯ.

ನೋಡುವ ಉಪಾಯ ಸುಲಭ. ಮುಚ್ಚಳ ತೆಗೆದು, ಕಣ್ಣು ದೂರ ಇಟ್ಟು, ಲಿವರನ್ನು ಬಹಳ ಮೆಲ್ಲಗೆ ಒಂಚೂರು ಹಿಡಿಯಿರಿ. ಆಯಿಲಿನ ಮೇಲ್ಮೈಯಲ್ಲಿ ಸಣ್ಣ ಬುಗ್ಗೆ ಎದ್ದರೆ ತೂತು ತೆರೆದಿದೆ. ಏನೂ ಅಲುಗಾಡದಿದ್ದರೆ ಮುಚ್ಚಿದೆ. ಹೊಸ ಸೆಟ್ಟಿನಲ್ಲಿ ಬಣ್ಣದ ಚೂರು ಕೂತು ಮುಚ್ಚಿದ್ದನ್ನೂ ನಾನು ನೋಡಿದ್ದೇನೆ, ನಮ್ಮ ಪಾಲಿಟೆಕ್ನಿಕ್ ಹುಡುಗರು ತಂದ ಗಾಡಿಯಲ್ಲಿ.

ಬಲಗೇರ್ ಬುಲೆಟ್
ಸೋಮವಾರ, ರಾತ್ರಿ 10.30

ಅಕ್ಕಾರ, ಈಗ ನೋಡಿ ಬಂದೆ. ಆಯಿಲ್ ಕನ್ನಡಿಯಂಗ ನಿಂತಿತ್ತು, ಒಂದ ತೆರಿ ಏಳ್ಲಿಲ್ಲ. ಸ್ಕ್ರೂ ಅರ್ಧ ಸುತ್ತು ಸಡ್ಲ ಮಾಡಿ ಮತ್ತ ಹಿಡಿದೆ. ಪುಳಕ್ ಅಂತ ಸಾಸಿವಿ ಕಾಳಿನಷ್ಟು ಬುಗ್ಗಿ ಎದ್ದತು. ಈಗ ಲಿವರ್ ತುದ್ಯಾಗ ಒಂದೆರಡು ಮಿ.ಮೀ. ಪ್ಲೇ ಐತಿ. ಗಾಲಿ ಎತ್ತಿ ತಿರಗಿಸಿದ್ರ ಆರಾಮ ತಿರಗತೈತಿ.

ಇಷ್ಟು ಸಣ್ಣ ತೂತಿಗಿ ನನ್ನ ಜೀವ ಜೋತು ಬಿದ್ದಿತ್ತೇನ್ರಿ?

ಇನ್ನೊಂದು. ಮುಚ್ಚಳ ತೆಗಿಯೂವಾಗ ನಾಕು ಹನಿ ಟಾಂಕಿ ಮ್ಯಾಲ ಬಿತ್ತು. ಊಟಾ ಮಾಡಿ ಬಂದು ಒರಸಿದ್ರ ಮಾವ ಕೈಯಿಂದ ಬರಸಿದ್ದ ಬಂಗಾರದ ಗೆರಿ ಬಟ್ಟೀಗೇ ಬಂತು. ಸಂಕಟ ಆತು.

ಖಾನಾಪುರ ಹಳೇಗಾಡಿ
ಸೋಮವಾರ, ರಾತ್ರಿ 10.50

ಬ್ರೇಕ್ ಆಯಿಲ್ ಬಣ್ಣ ತಿಂತೈತಿ ತಮ್ಮಾ. ಬಿದ್ದ ಕೂಡ್ಲೆ ನೀರು ಹಾಕಬೇಕು, ಅದು ನೀರಿನಾಗ ಕರಗತೈತಿ. ಒಣಾ ಬಟ್ಟಿಲೆ ಒರಸಿದ್ರ ಇನ್ನಷ್ಟು ಹರಡತೈತಿ. ಟಾಂಕಿ ಮ್ಯಾಲ ಹಸೀ ಗೋಣಿಚೀಲ ಹಾಸಿ ಕೆಲಸಾ ಮಾಡೂದು ನಮ್ಮ ಗುರುಗಳು ಕಲಿಸಿದ್ದು. ಗೆರಿ ಹೊಳ್ಳಿ ಬರಸ್ಬಹುದು ಬಿಡು. ಗಾಲಿ ಹಿಡದಿದ್ರ ಮಾವನ ಮಾರಿ ನೋಡಾಕ ನೀನ ಇರತಿದ್ದಿಲ್ಲ.

ಮತ್ತ ದಾರ್ಯಾಗ ಯಾವಾಗರ ಹಂಗ ಗಾಲಿ ಹಿಡದ್ರ, ಆರೂತನಕ ಕುಂದ್ರು. ಆರಿದ್ರೂ ಬಿಡದಿದ್ರ ಕ್ಯಾಲಿಪರಿನ ಏರ್ ತೆಗಿಯೂ ನಿಪ್ಪಲ್ 8 ನಂಬರ್ ಪಾನಾದ್ಲೆ ಕಾಲು ಸುತ್ತು ಸಡ್ಲ ಮಾಡಿ ಮತ್ತ ಬಿಗಿ. ಒಂದ್ ಚಮಚದಷ್ಟು ಆಯಿಲ್ ಬಂದು ಗಾಲಿ ಬಿಡ್ತೈತಿ. ಕೈ ಸುಟ್ಕೋಬ್ಯಾಡ, ಪ್ಯಾಡಿಗಿ ಆಯಿಲ್ ಹತ್ತಿಸಬ್ಯಾಡ. ಆಮ್ಯಾಲ ಮುಂದಿನ ಬ್ರೇಕ್ ಇಲ್ಲಂತನ ತಿಳದು ಸೌಕಾಶ ಮನಿ ಸೇರು.

ಬಲಗೇರ್ ಬುಲೆಟ್
ಮಂಗಳವಾರ, ರಾತ್ರಿ 8.10

ಕ್ಯಾಲಿಪರ್ ಅಳದೆ. ಒಂದ ಬದಿಗೆ ಎರಡು ಪಿಸ್ಟನ್, ಒಂದೊಂದು 30 ಮಿ.ಮೀ. 1/2 ಬೋರಿನ ಸೆಟ್ ಆರ್ಡರ್ ಹಾಕೇನಿ.

ಈಗ ಹೋಸ್ ವಿಚಾರ. ಉದ್ಯಮಬಾಗದಾಗ ಜೆಸಿಬಿ ಹೋಸ್ ಕ್ರಿಂಪ್ ಮಾಡೂ ಅಂಗಡಿ ಸಾಲಾಗಿ ಅದಾವ. ಅಷ್ಟೊಂದು ಒತ್ತಡ ತಡಿಯೂ ಹೋಸು, ಬೇಕಾದ ಉದ್ದಕ್ಕ ಹತ್ತ ಮಿನಿಟಿನ್ಯಾಗ ಮಾಡಿ ಕೊಡ್ತಾರ. ಲೇತ್ ಅಣ್ಣಾ, ನಿಮಗ ಪರಿಚಯ ಇದ್ದವ್ರು ಯಾರರ ಇದ್ರ ಹೇಳ್ರಿ.

ಉದ್ಯಮಬಾಗ ಲೇತ್
ಮಂಗಳವಾರ, ರಾತ್ರಿ 8.55

ಪರಿಚಯ ಇಲ್ಲದವ್ರು ಯಾರದಾರ ಅಲ್ಲಿ! ಆದ್ರ ಬ್ಯಾಡ.

ಮೊದಲ ಲೆಕ್ಕ ಮುಗಸ್ತೇನಿ. ಎರಡು 30 ಮಿ.ಮೀ. ಪಿಸ್ಟನ್ ಅಂದ್ರ ಸುಮಾರು 1,414 ಚದರ ಮಿ.ಮೀ. 1/2 ಇಂಚಿಗಿ ಭಾಗಿಸಿದ್ರ 11 ಪಟ್ಟು, 5/8ಕ್ಕ ಭಾಗಿಸಿದ್ರ ಬರೇ 7 ಪಟ್ಟು. ಶನಿವಾರ ಗಾಡಿ ಯಾಕ ನಿಂದರ್ಲಿಲ್ಲ ಅನ್ನೂದು ಇದರಾಗ ಬಂತು.

ಹೋಸಿನ ಕತಿ ಬ್ಯಾರೆ. ಜೆಸಿಬಿ ಹೋಸ್ ನಿಮ್ಮ ಬ್ರೇಕಿನ ಒತ್ತಡಾನ ಕಿರಿಬಟ್ಟಿನ್ಯಾಗ ತಡೀತೈತಿ, ಖರೆ. ಒಳಗಿನ ರಬ್ಬರ್ ತಡಿಯಂಗಿಲ್ಲ. ಅದು ಹೈಡ್ರಾಲಿಕ್ ಎಣ್ಣಿಗಂತ ಮಾಡಿದ ನೈಟ್ರೈಲ್ ರಬ್ಬರು, ಖನಿಜ ಎಣ್ಣಿ ಜೋಡಿ ಬಾಳೇವು ಮಾಡ್ತೈತಿ. ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಎಣ್ಣೀನ ಅಲ್ಲ, ಗ್ಲೈಕಾಲ್ ಜಾತಿದು. ನೈಟ್ರೈಲ್ ಅದರಾಗ ಉಬ್ಬಿ, ಮೆತ್ತಗಾಗಿ, ಒಳಗಿಂದ ಚೂರು ಬಿಡಾಕ ಹತ್ತತೈತಿ. ಆ ಚೂರು ಎಲ್ಲಿ ಹೋಗಿ ಕುಂದರ್ತೈತಿ ಅಂದ್ರ, ಅಕ್ಕಾರು ಹೇಳಿದ ಸೂಜಿ ತೂತಿನ್ಯಾಗ. ಬ್ರೇಕಿಗಿ ಇಪಿಡಿಎಂ ರಬ್ಬರಿನ ಹೋಸ್ ಬೇಕು, ಇಲ್ಲಾಂದ್ರ ಒಳಗ ಟೆಫ್ಲಾನ್, ಹೊರಗ ಸ್ಟೀಲ್ ಹೆಣಿಗಿ ಇರೂದು. ಉದ್ದ ಹೇಳಿ ತರಸ್ಕೋರಿ. ನಮ್ಮ ಊರಿನ ಧಂದೆ ನಾನ ಬ್ಯಾಡ ಅನ್ನಾಕತ್ತೇನಿ ಅಂದ್ರ ನಂಬ್ರಿ.

ಗೋಳಗುಮ್ಮಟ 28
ಮಂಗಳವಾರ, ರಾತ್ರಿ 9.20

ಈ ರಬ್ಬರಿನ ಮಾತು ಖರೆ ಅದ. ನಂದೂ ಒಂದು ಕತಿ ಹೇಳ್ತೀನಿ, ನಗಬ್ಯಾಡ್ರಿ. ಹೋದ ವರ್ಷ ಸೋಲಾಪುರ ರಸ್ತೆದಾಗ ಡಬ್ಬ್ಯಾಗ ಆಯಿಲ್ ಇಳಿದಿತ್ತು. ರಸ್ತಾದ ಬಾಜೂ ಅಂಗಡ್ಯಾಗ ಬ್ರೇಕ್ ಆಯಿಲ್ ಇರ್ಲಿಲ್ಲ. "ಆಯಿಲ್ ಆಯಿಲೇ ಅಲ್ಲ" ಅಂತ ಎಂಜಿನ್ ಆಯಿಲ್ ಒಂಚೂರು ಹಾಕ್ದೆ. ಎರಡು ದಿನಕ್ಕ ಲಿವರ್ ಒಳಗ ಹ್ವಾದದ್ದು ಹೊರಗ ಬರ್ಲಿಲ್ಲ. ಬಿಚ್ಚಿ ನೋಡಿದ್ರ ಪಿಸ್ಟನ್ ಮ್ಯಾಲಿನ ರಬ್ಬರ್ ನೆನೆಹಾಕಿದ ಕಡ್ಲಿ ಉಬ್ಬಿದಂಗ ಉಬ್ಬಿತ್ತು. ಮ್ಯಾಲಿಂದ ಕೆಳತನಕ ಎಲ್ಲಾ ಬದಲ್ ಮಾಡ್ಬೇಕಾತು.

ಉದ್ಯಮಬಾಗ ಲೇತ್
ಮಂಗಳವಾರ, ರಾತ್ರಿ 9.30

ಅದ ಮಾತು ತಿರುವ್ಯಾಡಿ ಆತು ನೋಡ್ರಿ. ಇಪಿಡಿಎಂಗೆ ಎಣ್ಣಿ ಆಗಂಗಿಲ್ಲ, ನೈಟ್ರೈಲ್‌ಗೆ ಬ್ರೇಕ್ ಆಯಿಲ್ ಆಗಂಗಿಲ್ಲ.

ಖಾನಾಪುರ ಹಳೇಗಾಡಿ
ಬುಧವಾರ, ಬೆಳಗ್ಗೆ 6.50

ಹೋಸಿನ ಉದ್ದ ಅಳಿಯೂದು ಹೇಳ್ತೇನಿ ಕೇಳು. ಗಾಡಿ ಸೆಂಟರ್ ಸ್ಟ್ಯಾಂಡ್ ಮ್ಯಾಲ ಹಾಕಿ ಮುಂದಿನ ಗಾಲಿ ನೆಲ ಬಿಡಿಸು. ಆಗ ಫೋರ್ಕ್ ಪೂರಾ ಕೆಳಗ ಇಳದಿರ್ತೈತಿ. ಬಟ್ಟಿ ಒಣಾಕ ಹಾಕೂ ಪ್ಲಾಸ್ಟಿಕ್ ಹಗ್ಗ ತಗೊಂಡು ಹೋಸ್ ಹೋಗೂ ದಾರಿಲೇನ ಕಟ್ಟು. ಹ್ಯಾಂಡಲ್ ಪೂರಾ ಎಡಕ್ಕ, ಪೂರಾ ಬಲಕ್ಕ ತಿರಗಿಸು. ಎಲ್ಲೂ ಬಿಗೀಬಾರ್ದು. ಆಮ್ಯಾಲ ಗಾಡಿ ಇಳಿಸಿ, ಮುಂದ ಇಬ್ಬರು ಕುಂತು ಒತ್ರಿ, ಹಗ್ಗ ಗಾಲಿಗಿ ತಾಕಬಾರ್ದು. ಈ ಎರಡರ ನಡುವ ಬಂದ ಉದ್ದ ಬರ್ಕೋ.

ಬ್ಯಾಂಜೊ ಬೋಲ್ಟಿನ (ಹೋಸ್ ತುದಿ ಕೂಡಿಸೂ, ನಡುವ ತೂತಿರೂ ಬೋಲ್ಟು) ಆಟೆ (ಥ್ರೆಡ್) ನೋಡಿ ತರಿಸು. 10 ಮಿ.ಮೀ. ಬೋಲ್ಟಿನಾಗ ಎರಡು ಥರಾ ಬರ್ತಾವ, 1.25 ಆಟೆ, 1.0 ಆಟೆ. ಕಣ್ಣಿಗಿ ಒಂದ ಕಾಣ್ತಾವ. ಕೈಬಟ್ಟಿಲೆ ನಾಕು ಸುತ್ತು ಹೋಗ್ಬೇಕು. ಎರಡಕ್ಕ ನಿಂತ್ರ ಪಾನಾ ಹಚ್ಚಬ್ಯಾಡ, ಅಲ್ಯೂಮಿನಿಯಂ ಆಟೆ ಹರೀತೈತಿ. ತಾಮ್ರದ ವಾಷರ್ ಒಂದೊಂದು ಬದೀಗಿ ಒಂದೊಂದು, ಹೊಸಾವು. ಹಳೇವನ್ನ ಕಾಸಿ ಬಡದು ಹಾಕೂ ಚಾಲಾಕಿ ನಾನೂ ಮಾಡೇನಿ, ನೀ ಮಾಡಬ್ಯಾಡ.

ಕ್ಲಚ್ ಹಿಡಿಕಿ ಯಾವುದು ಹಾಕೀದಿ? ಅದರ ಬಗ್ಗೆ ಬಾಯಿನ ಬಿಟ್ಟಿಲ್ಲ.

ಬಲಗೇರ್ ಬುಲೆಟ್
ಬುಧವಾರ, ಬೆಳಗ್ಗೆ 7.20

ಹಳೇದ ಕಾಕಾ. 22 ಮಿ.ಮೀ.ದು ಒಂದಿಂಚಿಗಿ ಕೂಡವಲ್ದಾಗಿತ್ತು, ಒಳಗ ಅರ (ಕಾನಸು) ಹಾಕಿ ತಿಕ್ಕಿ ದೊಡ್ಡದು ಮಾಡ್ಯಾರ.

ಖಾನಾಪುರ ಹಳೇಗಾಡಿ
ಬುಧವಾರ, ಬೆಳಗ್ಗೆ 7.25

ಅದನ್ನ ಈಗಿಂದೀಗ ಬಿಚ್ಚಿ ಮನೀ ಹಿತ್ತಲಕ್ಕ ಒಗೀ. ಎರಕದ ಅಲ್ಯೂಮಿನಿಯಂ ಅದು, ಬಾಗಂಗಿಲ್ಲ, ಚಟಕ್ಕನ ಸೀಳತೈತಿ. ಕ್ಲಚ್ಚಿನ ಎಳತ ಸಣ್ಣದಲ್ಲ.

ಉದ್ಯಮಬಾಗ ಲೇತ್
ಬುಧವಾರ, ಮಧ್ಯಾಹ್ನ 1.20

ಕಾಕಾ ಸಿಟ್ಟಾಗ್ಯಾರ, ನ್ಯಾಯ ಐತಿ. ನನ್ನ ಕಡೆ ಇಂಥಾವು ತಿಂಗಳಿಗಿ ಒಂದೆರಡು ಬರ್ತಾವ, ಬೋರ್ ಮಾಡಿ ಕೊಡ್ರಿ ಅಂತ. ಮಾಡಂಗಿಲ್ಲ. 22.2ರಿಂದ 25.4ಕ್ಕ ಹೋದ್ರ ಒಂದೊಂದು ಬದಿಗೆ 1.6 ಮಿ.ಮೀ. ಹೋತು. ಹಿಡಿಕ್ಯಾಗ ಅಷ್ಟು ದಪ್ಪ ಎಲ್ಲಿಂದ ತರೂದು?

ಉಲ್ಟಾ ಇದ್ರ ಮಾಡಬಹುದು. ಹ್ಯಾಂಡಲ್ 22, ಹಿಡಿಕಿ ಒಂದಿಂಚಿಂದು ಅಂದ್ರ 1.6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತೋಳು ತಿರುವಿ, ಉದ್ದಕ್ಕ ಒಂದ್ ಸೀಳು ಬಿಟ್ಟು ಕೊಡ್ತೇನಿ. ಕೆಲವ್ರು ಸೈಕಲ್ ಟ್ಯೂಬ್ ಸುತ್ತತಾರ, ತಂಪು ಪಾನೀಯದ ಡಬ್ಬಿ ಕತ್ತರಿಸಿ ಸುತ್ತತಾರ. ಟ್ಯೂಬ್ ಸುತ್ತಿದ ಬ್ರೇಕ್ ಹಿಡಿಕಿ ಜೋರಾಗಿ ಹಿಡಿದಾಗ ಹಿಡಿಕೀನ ತಿರಗತೈತಿ, ಮುಂದಿಂದು ಹೇಳೂದು ಬ್ಯಾಡ.

ಎಕ್ಸಲೇಟರ್ ಡಬ್ಬಿ ಒಳಗೊಂದು ಸಣ್ಣ ಗೂಟ ಇರ್ತೈತಿ, ಹ್ಯಾಂಡಲ್ಲಿನ ತೂತಿನ್ಯಾಗ ಕೂಡಾಕ. ಹೊಸಾ ಹ್ಯಾಂಡಲ್‌ಗೆ ತೂತಿಲ್ಲಂತ ಗೂಟ ಮುರದು ಹಾಕ್ತಾರ. ಆಮ್ಯಾಲ ಡಬ್ಬೀನ ತಿರಗತೈತಿ, ಎಕ್ಸಲೇಟರ್ ಹೊಳ್ಳಿ ಬರಂಗಿಲ್ಲ. ತೂತು ಅಳದು ಒಂದ ಸಣ್ಣದು ಹಾಕ್ರಿ. ವೈರ್ ಒಳಗಿಂದ ತರಾಕಂತ ಹ್ಯಾಂಡಲ್ ಬಾಗಿದ ಜಾಗಾದಾಗ ದೊಡ್ಡ ತೂತು ಮಾತ್ರ ಹಾಕಬ್ಯಾಡ್ರಿ, ಮುರಿಯೂದು ಅಲ್ಲೇ.

ಮುಧೋಳ ಬೇಟೆನಾಯಿ
ಬುಧವಾರ, ಸಂಜೆ 5.00

ನಂದು ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಜಾಮ್ ಆಗದಂಗ ತಡಿಯೂದು) ಗಾಡಿ ಐತಿ. ನಾನೂ ಹಿಂಗ ಎತ್ತರದ ಹ್ಯಾಂಡಲ್ ಹಾಕಸ್ಲೇನು? ಪೊಲೀಸ್ರು ಹಿಡೀತಾರೇನು?

ನವನಗರ ಅಕ್ಕ
ಬುಧವಾರ, ಸಂಜೆ 6.30

ಎಬಿಎಸ್‌ನಲ್ಲಿ ಲಿವರಿನಿಂದ ಹೊರಟ ಆಯಿಲ್ ಮೊದಲು ಒಂದು ಪೆಟ್ಟಿಗೆಗೆ ಹೋಗಿ ಅಲ್ಲಿಂದ ಗಾಲಿಗೆ ಬರ್ತದೆ. ಆ ಪೆಟ್ಟಿಗೆಯ ಒಳಗೆ ಗಾಳಿ ಸೇರಿದರೆ ಮನೆಯಲ್ಲಿ ತೆಗೆಯುವುದು ಕಷ್ಟ. ಅನೇಕ ಗಾಡಿಗಳಿಗೆ ಸ್ಕ್ಯಾನರ್ ಹಚ್ಚಿ ಒಳಗಿನ ಪಂಪ್ ಓಡಿಸಿ ತೆಗೆಯಬೇಕಾಗುತ್ತದೆ. ಕಂಪನಿಯ ಲಿವರ್, ಕಂಪನಿಯ ಬೋರ್ ಹಾಗೇ ಇರಲಿ, ಆ ಹೋಸಿನ ಉದ್ದಕ್ಕೆ ಎಟುಕುವ ಹ್ಯಾಂಡಲ್ ಅಷ್ಟೇ ಹುಡುಕಿ.

ನಿರ್ವಾಹಕ
ಬುಧವಾರ, ರಾತ್ರಿ 8.00

ಕಾನೂನಿನ ಪ್ರಶ್ನೆ ಬಂದದ್ದರಿಂದ ಒಂದು ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೂ ಆರ್‌ಸಿಯಲ್ಲಿನ ವಿವರಗಳಿಗೂ ತಾಳೆಯಾಗದಂಥ ಬದಲಾವಣೆ ಮಾಡುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿದಿದೆ. 2019ರ ತಿದ್ದುಪಡಿಯ ನಂತರ 182ಎ(4) ಕಲಂ ಅಡಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗಾಡಿ ಕೆಎ-22 ಇರಲಿ, 28 ಇರಲಿ, 48 ಇರಲಿ, ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ಇಲ್ಲಿ ಚರ್ಚೆ ನಡೆದಿರುವುದು ಕೂರಿಸಿದ್ದನ್ನು ಸುರಕ್ಷಿತ ಮಾಡುವ ಬಗ್ಗೆ.

ಚೋರ್ಲಾ ಮಳಿ
ಗುರುವಾರ, ಬೆಳಗ್ಗೆ 10.10

ಓದಿ ಓದಿ ನನ್ನ ಗಾಡಿ ಲಿವರ್ ನಾಕು ಸಲ ಹಿಡದು ನೋಡಿದೆ. ಚೋರ್ಲಾ ಘಾಟ್ ಇಳಿಯೂವಾಗ ಒಂದ ಸಮನ ಬ್ರೇಕ್ ಹಿಡಿಯೂ ಚಟ ಇರೂವವ್ರು ಡಬ್ಬ್ಯಾಗಿನ ಆಯಿಲ್ ಬಣ್ಣ ನೋಡ್ರಿ. ನೀರು ಹೀರಿದ ಆಯಿಲ್ ಲಗೂನ ಕುದೀತೈತಿ. ಡಾಟ್ 4 ಹೊಸಾದಿದ್ದಾಗ ಕನಿಷ್ಠ 230 ಡಿಗ್ರಿ ತನಕ ತಡೀಬೇಕಂತ ನಿಯಮ, ನೀರು ಹೀರಿದ ಮ್ಯಾಲ ಬರೇ 155. ನಮ್ಮ ಕಡೆ ಮಳಿಗಾಲ ಗೊತ್ತಲ್ಲ. ಅರ್ಧಾ ಉಳದ ಬಾಟ್ಲಿ ಹೋದ ವರ್ಷದ್ದು ಬಳಸಬ್ಯಾಡ್ರಿ.

ಬಲಗೇರ್ ಬುಲೆಟ್
ಮುಂದಿನ ವಾರ, ಶನಿವಾರ, ರಾತ್ರಿ 9.00

ಸೆಟ್ ಬಂತು, ಹೋಸ್ ಬಂತು, ಒಂದಿಂಚಿನ ಕ್ಲಚ್ ಹಿಡಿಕೀನೂ ಬಂತು. ಅಡೀಲೆ 1/2 ನಂಬರ್ ಕೈಯಿಂದ ಮುಟ್ಟಿ ನೋಡಿ ಆಮ್ಯಾಲ ದುಡ್ಡು ಕೊಟ್ಟೆ.

ಹಿಡಿಕಿ ಪಟ್ಟೀ ಮ್ಯಾಲ ಬಾಣದ ಗುರ್ತು ಇತ್ತು. ಅದು ಮ್ಯಾಲ ಬರೂಹಂಗ ಇಟ್ಟು, ಮ್ಯಾಲಿನ ಬೋಲ್ಟ್ ಮೊದಲ ಪೂರಾ ಕೂಡಿಸಿ, ಸಂದು ಎಲ್ಲಾ ಕೆಳಗ ಬಿಟ್ಟೆ. ಮದ್ಲ ಆ ಹುಡುಗ ಎರಡೂ ಕಡೆ ಸಮ ಸಂದು ಬಿಟ್ಟಿದ್ದ.

ಏರ್ ತೆಗಿಯೂದು ಮಾತ್ರ ಜೀವಾ ತಿಂತು. ಪಾರದರ್ಶಕ ನಳಿಗಿ, ಬಾಟ್ಲಿ, ತಂಗಿ ಲಿವರ್ ಹಿಡಿಯೂದು, ನಾನು ನಿಪ್ಪಲ್ ಸಡ್ಲ ಮಾಡೂದು. "ಹಿಡಿ", "ಬಿಡು" ಅಂತ ಒಂದ್ ತಾಸು. ಬಾಜೂ ಮನೀ ಅಜ್ಜಿ ಏನ ಜಗಳ ಅಂತ ನೋಡಾಕ ಬಂದ್ರು. ಗುಳ್ಳಿ ಬರೂದು ನಿಂತ್ರೂ ಲಿವರ್ ಮೆತ್ತಗನ.

ಖಾನಾಪುರ ಹಳೇಗಾಡಿ
ಶನಿವಾರ, ರಾತ್ರಿ 9.20

ಎತ್ತರದ ಹ್ಯಾಂಡಲ್ಲಿಂದು ಅದ ರೋಗ. ಗಾಳಿ ಮ್ಯಾಲ ಹೋಗತೈತಿ, ನೀ ಕೆಳಗಿಂದ ತೆಗ್ಯಾಕತ್ತೀದಿ. ಹಿಡಿಕಿ ಸಡ್ಲ ಮಾಡಿ ಬ್ಯಾಂಜೊ ಕಡೀ ತುದಿ ಎಲ್ಲಾಕ್ಕಿಂತ ಮ್ಯಾಲ ಬರೂಹಂಗ ವಾರೆ ಮಾಡು. ಬ್ಯಾಂಜೊ ಬೋಲ್ಟಿಗಿ ಅರವಿ ಸುತ್ತಿ, ಲಿವರ್ ಹಿಡದು, ಜರಾ ಸಡ್ಲ ಮಾಡಿ ಬಿಗಿ. ಉಸ್ ಅಂತೈತಿ. ಟಾಂಕಿ ಮ್ಯಾಲ ಹಸೀ ಗೋಣಿಚೀಲ! ಆಮ್ಯಾಲ ಹಿಡಿಕಿ ನೆಟ್ಟಗ ಮಾಡಿ, ಲಿವರ್ ಹಿಡದು ಸೈಕಲ್ ಟ್ಯೂಬಿನ ಪಟ್ಟಿಲೆ ಕಟ್ಟಿ ಮಲಕೋ.

ಬಲಗೇರ್ ಬುಲೆಟ್
ಭಾನುವಾರ, ಬೆಳಗ್ಗೆ 8.45

ಕಾಕಾ, ನಿಮ್ಮ ಕಾಲಿಗಿ ಬೀಳ್ತೇನಿ. ಮುಂಜಾನೆ ಪಟ್ಟಿ ಬಿಚ್ಚಿ ಲಿವರ್ ಬಿಟ್ಟೆ, ಡಬ್ಬ್ಯಾಗ ನಾಕು ಸಣ್ಣ ಗುಳ್ಳಿ ಪಟಪಟ ಅಂತ ಎದ್ದು ಒಡದ್ವು. ಈಗ ಲಿವರ್ ಕಲ್ಲೂ ಅಲ್ಲ, ಸ್ಪಂಜೂ ಅಲ್ಲ. ಜರಾ ಒಳಗ ಬಂದು ಹಿಡೀತೈತಿ, ಮುಂದ ಎಷ್ಟು ಒತ್ತತೇನೋ ಅಷ್ಟು ಹಿಡೀತೈತಿ.

ಉದ್ಯಮಬಾಗದಾಗ ಭಾನುವಾರ ರಸ್ತಾ ಖಾಲಿ ಇರ್ತಾವಲ್ಲ, ಅಲ್ಲೇ ಹೋಗಿದ್ದೆ. 20ರ ಸ್ಪೀಡು, ಆಮ್ಯಾಲ 40. ಎರಡ ಬಟ್ಟು ಸಾಕಾತು. ಹತ್ತ್ ಸಲ ಹಿಡದು ಬಿಟ್ಟು ಇಳದು ಗಾಲಿ ಎತ್ತಿ ತಿರಗಿಸಿದೆ, ಆರಾಮ ತಿರಗಿತು. ಎರಡೂ ಕಡೆ ಹ್ಯಾಂಡಲ್ ತಿರಗಿಸಿದ್ರ ಹೋಸ್ ಸಡ್ಲನ ಐತಿ. ಬ್ಯಾಂಜೊ ಸುತ್ತ ಬಿಳೀ ಕಾಗದಾ ಒತ್ತಿ ನೋಡಿದೆ, ಒಂದ ಕಲಿ ಇಲ್ಲ.

ನವನಗರ ಅಕ್ಕ
ಭಾನುವಾರ, ಬೆಳಗ್ಗೆ 9.30

ಬಹಳ ಸಂತೋಷ. ಒಂದೇ ಪ್ರಶ್ನೆ. ಮುಂದಿನ ಲಿವರ್ ಹಿಡಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ?

ಬಲಗೇರ್ ಬುಲೆಟ್
ಭಾನುವಾರ, ಬೆಳಗ್ಗೆ 9.35

ತಡೀರಿ ಅಕ್ಕಾರ, ತಂಗೀನ ಹಿಂದ ನಿಂದರ್ಸಿ ನೋಡ್ತೇನಿ.

ಬಲಗೇರ್ ಬುಲೆಟ್
ಭಾನುವಾರ, ಬೆಳಗ್ಗೆ 9.42

ಹತ್ತವಲ್ತು. ಕಾಲಿಂದು ತುಳದ್ರ ಹತ್ತತೈತಿ. ಹೊಸಾ ಹಿಡಿಕ್ಯಾಗ ಸ್ವಿಚ್ ಕೂಡೂ ಜಾಗಾನ ಇಲ್ಲ.

ಖಾನಾಪುರ ಹಳೇಗಾಡಿ
ಭಾನುವಾರ, ಬೆಳಗ್ಗೆ 9.50

ಬ್ಯಾಂಜೊ ಬೋಲ್ಟಿನಾಗನ ಸ್ವಿಚ್ ಇರೂದು ಬರ್ತೈತಿ, ಒತ್ತಡಕ್ಕ ಹತ್ತತೈತಿ. ಆಟೆ ನೋಡಿ ತರಿಸು. ಕಬ್ಬಿನ ಟ್ರ್ಯಾಕ್ಟರಿಗಿ ದೀಪ ಇಲ್ಲಂತ ನೀನ ಬೈದೀದಿ. ಆದ್ರ ಬ್ಯಾಂಜೊ ಬಿಚ್ಚಿದ್ರ ಗಾಳಿ ಮತ್ತ ಹೊಗತೈತಿ.

ಬಲಗೇರ್ ಬುಲೆಟ್
ಭಾನುವಾರ, ಬೆಳಗ್ಗೆ 9.52

ಇರ್ಲಿ ಕಾಕಾ. ಟ್ಯೂಬಿನ ಪಟ್ಟಿ ಇನ್ನೂ ಹ್ಯಾಂಡಲ್‌ಗೇ ಜೋತ ಬಿದ್ದೈತಿ. ತಂಗೀನ ಒಪ್ಪಸೂದ ಕಷ್ಟ.